ಧಾರಾವಾಹಿಗೆ ದನಿ ಕೊಟ್ಟ ಊರ ಮಾತು

ಮನೆಮಂದಿಯ ಸುಖದುಃಖಗಳನ್ನು ವರ್ಷಗಟ್ಟಲೆ ಎಳೆಯುವ ಧಾರಾವಾಹಿಗೆ ಇಂಗ್ಲಿಷರು ‘ಸೋಪ್ ಒಪೆರಾ’ ಎನ್ನುತ್ತಾರೆ. ಸಾಬೂನಿಗೂ ನಾಟಕಕ್ಕೂ ಎತ್ತಣ ನಂಟು? 1930ರ ದಶಕದಲ್ಲಿ ಅಮೆರಿಕದ ರೇಡಿಯೊ ಕೇಂದ್ರಗಳು ಹಗಲು ಹೊತ್ತಿನಲ್ಲಿ ಗೃಹಿಣಿಯರಿಗಾಗಿ ಇಂಥ ಕಥೆಗಳನ್ನು ಬಿತ್ತರಿಸುತ್ತಿದ್ದವು. ಅದರ ಖರ್ಚು ಹೊರುತ್ತಿದ್ದವರಲ್ಲಿ ಸಾಬೂನು ಕಂಪನಿಗಳೇ ಮುಂದು. ಹೀಗೆ ಬಂದ ಹೆಸರು ಅಲ್ಲಿಯೇ ಉಳಿಯಿತು.

ಈ ಬಗೆಯ ಕಥೆ ಬ್ರಿಟನ್ನಿನಲ್ಲಿ ಬೇರೂರಿದ ಬಗೆ ನಮಗೂ ಪಾಠವಾಗಬಲ್ಲದು. 1960ರ ಡಿಸೆಂಬರ್ 9ರಂದು ‘ಕೊರೊನೇಶನ್ ಸ್ಟ್ರೀಟ್’ ಆರಂಭವಾಯಿತು. ಲಂಡನ್ನಿನ ತಿದ್ದಿದ ಇಂಗ್ಲಿಷೇ ಟಿ.ವಿ.ಯಲ್ಲಿ ಮೆರೆಯುತ್ತಿದ್ದ ಕಾಲ ಅದು. ಈ ಧಾರಾವಾಹಿ ಮಾತ್ರ ಉತ್ತರದ ಮ್ಯಾಂಚೆಸ್ಟರ್ ಸೀಮೆಯ ಕಾರ್ಮಿಕರ ಕೇರಿಯನ್ನು, ಅವರ ಒರಟು ಮಾತಿನೊಂದಿಗೇ ತೆರೆಗೆ ತಂದಿತು. ಮೊದಲ ಕಂತಿನಲ್ಲೇ ಕೆನ್ ಬಾರ್ಲೊ ಎಂಬ ಹುಡುಗ ಬರುತ್ತಾನೆ. ಕಾಲೇಜು ಮೆಟ್ಟಿಲು ಹತ್ತಿದ ಅವನಿಗೆ ಹೆತ್ತವರ ಊಟದ ರೀತಿಯೇ ನಾಚಿಕೆ. ಆ ಪಾತ್ರ ಹಾಕಿದ ವಿಲಿಯಂ ರೋಚ್ 60 ವರ್ಷಗಳಿಗೂ ಮೀರಿ ಅದನ್ನೇ ಅಭಿನಯಿಸಿ ಗಿನ್ನೆಸ್ ದಾಖಲೆ ಸೇರಿದರು. ನೋಡುಗರ ಕಣ್ಣೆದುರಿಗೇ ಹುಡುಗ ಮುದುಕನಾದ.

ಓದಿದ ಮಗನಿಗೆ ಮನೆಯ ಮಾತು, ರೀತಿ ಕೀಳೆನಿಸುವುದು ನಮಗೆ ಹೊಸ ಸಂಗತಿಯೇನಲ್ಲ. ಕನ್ನಡದ ತೆರೆಯ ಮೇಲೂ ಬಹುಕಾಲ ಬೆಂಗಳೂರು, ಮೈಸೂರಿನ ಮಾತಿಗೇ ಮಣೆ. ಉತ್ತರದ ಮಾತು ಬಂದರೆ ಹೆಚ್ಚಾಗಿ ಆಳಿನ ಬಾಯಲ್ಲಿ ಇಲ್ಲವೇ ನಗೆಗಾಗಿ ಬರುತ್ತಿತ್ತು.

ಈ ರೂಢಿಯನ್ನು ಮುರಿದವರಲ್ಲಿ ವೈಶಾಲಿ ಕಾಸರವಳ್ಳಿ ಒಬ್ಬರು. 1952ರಲ್ಲಿ ಕಲಬುರಗಿಯಲ್ಲಿ ಹುಟ್ಟಿದ ಅವರು ರಂಗಭೂಮಿಯಲ್ಲಿ ಪಳಗಿ ಚಿತ್ರರಂಗಕ್ಕೆ ಬಂದರು. ಪತಿ ಗಿರೀಶ ಕಾಸರವಳ್ಳಿಯವರ ‘ಆಕ್ರಮಣ’ದಲ್ಲಿ ನಟಿಸಿದರು. ಶಂಕರನಾಗ್ ನಿರ್ದೇಶಿಸಿದ ‘ಮಾಲ್ಗುಡಿ ಡೇಸ್’ನಲ್ಲಿ ಸ್ವಾಮಿಯ ತಾಯಿಯಾಗಿ ದೇಶದ ಮನೆಮನೆಗೂ ಪರಿಚಿತರಾದರು. ‘ತಾಯಿ ಸಾಹೇಬ’ ಚಿತ್ರದ ವಸ್ತ್ರವಿನ್ಯಾಸಕ್ಕೆ 1997ರ ಸಾಲಿನ ರಾಷ್ಟ್ರಪ್ರಶಸ್ತಿ ಪಡೆದರು.

ಆದರೆ ಸಾಮಾನ್ಯ ನೋಡುಗರು ಅವರನ್ನು ನೆನೆಯುವುದು ಈಟಿವಿ ಕನ್ನಡದಲ್ಲಿ ಬಂದ ‘ಮೂಡಲ ಮನೆ’ಯಿಂದ. ಅವರೇ ನಿರ್ದೇಶಿಸಿದ ಈ ಧಾರಾವಾಹಿಯ ಪಾತ್ರಗಳು ಉತ್ತರ ಕರ್ನಾಟಕದ ಕನ್ನಡವನ್ನೇ ಆಡಿದವು. ಆ ಮಾತಿನಲ್ಲೇ ಜಗಳವಾಡಿದವು, ಬುದ್ಧಿ ಹೇಳಿದವು, ಅತ್ತವು. ಹಿರಿಯರ ಗಾಂಭೀರ್ಯಕ್ಕೆ ಬೇರೆ ಕನ್ನಡವನ್ನು ಎರವಲು ತರಲಿಲ್ಲ. 2010ರ ಸೆಪ್ಟೆಂಬರ್ 27ರಂದು, 58ನೆಯ ವಯಸ್ಸಿನಲ್ಲಿ ವೈಶಾಲಿ ತೀರಿಕೊಂಡರು.

ಕೊಟ್ಟೂರು, ಕೂಡ್ಲಿಗಿ, ಹಡಗಲಿ ಕಡೆಯವರಿಗೆ ಇದರಲ್ಲಿ ಆಸಕ್ತಿ ಇರಬೇಕಾದ ಕಾರಣವುಂಟು. ನಮ್ಮ ಸೀಮೆಯ ಮಾತು ಬೆಳಗಾವಿಯದೂ ಅಲ್ಲ, ಮೈಸೂರಿನದೂ ಅಲ್ಲ. ಅದಕ್ಕೆ ತನ್ನದೇ ಎಳೆತ, ತನ್ನದೇ ಗತ್ತು. ಕಂಪನಿ ನಾಟಕಗಳನ್ನು ಬೆಳಗಿನ ಜಾವದ ತನಕ ಕೂತು ನೋಡಿದ ಈ ಜನರಿಗೆ ಅಭಿನಯದ ರುಚಿ ಹೇಳಿಕೊಡಬೇಕಿಲ್ಲ. ಆದರೂ ಇಲ್ಲಿನ ಹುಡುಗನೋ ಹುಡುಗಿಯೋ ಧಾರಾವಾಹಿಯಲ್ಲಿ ಪಾತ್ರ ಬಯಸಿ ಬೆಂಗಳೂರಿಗೆ ಹೋದರೆ ಮೊದಲು ತಿದ್ದಿಕೊಳ್ಳಬೇಕಾದದ್ದು ನಾಲಗೆಯನ್ನು. ನಟರಿಗೆ ಹಲವು ಮಾತು ಬರುವುದು ಒಳ್ಳೆಯದೇ. ಆದರೆ ಊರ ಮಾತನ್ನು ಅಡಗಿಸುವುದೇ ಅಭಿನಯದ ಮೊದಲ ಪಾಠವಾದರೆ, ನಷ್ಟ ನಟರಿಗಷ್ಟೇ ಅಲ್ಲ, ಕನ್ನಡಕ್ಕೂ.