ಬರಿದಾಗದ ಭಂಡಾರ

ನಾಳಿನ ಅನ್ನದ ಚಿಂತೆಯನ್ನು ದೇವರಿಗೆ ಒಪ್ಪಿಸಬೇಕೆಂಬುದು ಕ್ರೈಸ್ತ ಜೀವನದ ಮುಖ್ಯ ಉಪದೇಶಗಳಲ್ಲಿ ಒಂದು. ಯೇಸು ಕಲಿಸಿದ ಪ್ರಾರ್ಥನೆ ಬೇಡುವುದು ಅಂದಂದಿನ ಆಹಾರವನ್ನಷ್ಟೆ. ಅರಣ್ಯದಲ್ಲಿ ಇಸ್ರಾಯೇಲ್ಯರಿಗೆ ದೊರೆತ ಮನ್ನದ ಕಥೆಯೂ ಇದನ್ನೇ ಹೇಳುತ್ತದೆ: ಸಬ್ಬತ್ತಿನ ಮುನ್ನಾದಿನದ ಹೊರತು, ನಾಳೆಗೆಂದು ಕೂಡಿಟ್ಟರೆ ಹುಳು ಬೀಳುತ್ತಿತ್ತು. ಆದರೆ ಆ ಮನ್ನ ಬೀಳುತ್ತಿದ್ದುದು ನೆಲಕ್ಕೆ. ಬೆಳಗಾಗೆದ್ದು ಬಾಗಿ ಆಯ್ದುಕೊಳ್ಳಬೇಕಾಗಿತ್ತು. ತರಗತಿಯಲ್ಲಿ ವಚನಕಾರರ ಕಾಯಕದ ಮಾತು ಬಂದಾಗಲೆಲ್ಲ ನನಗೆ ಹೀಗೆ ಬಾಗಿದ ಬೆನ್ನುಗಳ ನೆನಪಾಗುತ್ತದೆ. ಅವುಗಳೊಡನೆ ಪಂಡಿತಾ ರಮಾಬಾಯಿಯವರ ನೆನಪೂ.

ಆಕೆ ಹುಟ್ಟಿದ್ದು 1858ರಲ್ಲಿ, ನಮ್ಮದೇ ಪಶ್ಚಿಮಘಟ್ಟದ ಗಂಗಾಮೂಲದ ಕಾಡಿನಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗರೆ ಹೆಂಡತಿಗೆ ಸಂಸ್ಕೃತ ಕಲಿಸಿ ಪಂಡಿತರ ವಿರೋಧ ಕಟ್ಟಿಕೊಂಡವರು. ಕೈಯಲ್ಲಿದ್ದ ಹಣ ಕರಗಿದ ಮೇಲೆ ಸಂಸಾರವೆಲ್ಲ ಕ್ಷೇತ್ರದಿಂದ ಕ್ಷೇತ್ರಕ್ಕೆ ಪುರಾಣ ಹೇಳುತ್ತ ಅಲೆಯಿತು. ಬಂದುದರಲ್ಲಿ ಬಹುಪಾಲು ದಾನಧರ್ಮಕ್ಕೆ ಸಂದಿತು. 1870ರ ದಶಕದ ಕ್ಷಾಮದಲ್ಲಿ ಇದ್ದುದನ್ನೆಲ್ಲ ಮಾರಿ, ಕಾಡಿನ ಎಲೆ ತಿಂದು ದಿನ ನೂಕಿದರು. ವೃದ್ಧ ತಂದೆ ಪುಣ್ಯತೀರ್ಥದಲ್ಲಿ ದೇಹ ಬಿಡಲು ನಿಶ್ಚಯಿಸಿದ್ದೂ ಉಂಟು. ಮನೆಯ ಗಂಡುಮಗ, ತಾನು ಎಂಥ ಕೆಲಸಕ್ಕಾದರೂ ಸಿದ್ಧನೆಂದು ಮುಂದೆ ಬಂದ. ಅಷ್ಟರಲ್ಲಿ ಕಾಲ ಮೀರಿತ್ತು. ತಂದೆ, ತಾಯಿ, ಅಕ್ಕ ಒಬ್ಬರ ಹಿಂದೊಬ್ಬರು ತೀರಿಕೊಂಡರು.

ದೇವರು ನಡೆಸಿಕೊಡುವನೆಂಬ ನಂಬಿಕೆಗೆ ಆ ಸಂಸಾರದಲ್ಲಿ ಕೊರತೆಯಿತ್ತೆ? ವ್ರತ, ಜಪ, ದಾನ ಯಾವುದೂ ತಪ್ಪಿರಲಿಲ್ಲ. ಬೇಡಲು ಅಭಿಮಾನ ಅಡ್ಡಬಂದಿತು, ಕೂಲಿಮಾಡಲು ಹೆಮ್ಮೆ ಬಿಡಲಿಲ್ಲ, ದುಡಿದು ಉಣ್ಣುವ ದಾರಿಯನ್ನು ತಮಗೆ ಯಾರೂ ಕಲಿಸಿರಲಿಲ್ಲ ಎಂಬರ್ಥದ ಮಾತನ್ನು ರಮಾಬಾಯಿ ಮುಂದೆ ಬರೆದಿದ್ದಾರೆ. ಪಾಠ ಹೇಳಿಯೇ ಬದುಕುವ ನನ್ನಂಥವನಿಗೆ ಇದನ್ನು ಓದುವಾಗ ಎದೆ ನಡುಗುತ್ತದೆ.

1883ರಲ್ಲಿ ಇಂಗ್ಲೆಂಡಿನಲ್ಲಿ ಅವರು ಕ್ರೈಸ್ತರಾದರು. 1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನವನ್ನು ತೆರೆದರು. ಅಮೆರಿಕದ ಸ್ನೇಹಿತರು ಕೊಟ್ಟ ಮಾತು ಹತ್ತು ವರ್ಷದ್ದು. ಅದು ಮುಗಿದ ಮೇಲೆ ಗತಿಯೇನೆಂದು ಪುಣೆಯ ಬಳಿ ಕೇಡಗಾಂವಿಯಲ್ಲಿ ಸುಮಾರು ನೂರು ಎಕರೆ ನೆಲ ಕೊಂಡು ಹಣ್ಣಿನ ಗಿಡ ನೆಡಿಸಿದರು. ಆಗ, 1896-97ರಲ್ಲಿ, ಮತ್ತೊಂದು ಮಹಾಕ್ಷಾಮ ಬಂದಿತು. ತಾವು ಕಂಡ ಹಸಿವನ್ನು ಮರೆಯದ ರಮಾಬಾಯಿ ಸ್ವತಃ ಮಧ್ಯಪ್ರಾಂತ್ಯಕ್ಕೆ ಹೋಗಿ ನೂರಾರು ಹುಡುಗಿಯರನ್ನು, ವಿಧವೆಯರನ್ನು ಕರೆತಂದರು. ಕೇಡಗಾಂವಿಯ ಆ ನೆಲವೇ ‘ಮುಕ್ತಿ’ಯಾಯಿತು. 1900ರ ವೇಳೆಗೆ ಅಲ್ಲಿದ್ದವರು ಸುಮಾರು 1,500. ಇಷ್ಟು ಬಾಯಿಗಳಿಗೆ ಯಾವ ನಿಶ್ಚಿತ ವರಮಾನವೂ ಇರಲಿಲ್ಲ.

ಪ್ರಾರ್ಥನೆಯೇ ಮುಕ್ತಿಯ ಆಧಾರವಾಗಿತ್ತು. ಪ್ರಾರ್ಥನೆ ಮುಗಿಸಿ ಎದ್ದವರಿಗೆ ಹೊಲವಿತ್ತು, ಬಾವಿಯಿತ್ತು, ಮಗ್ಗ, ಗಾಣ, ಹಟ್ಟಿ, ಅಚ್ಚುಕೂಟಗಳಿದ್ದವು. ಅನುಕೂಲಸ್ಥ ಮನೆಗಳು ಕೈಬಿಟ್ಟ ಹೆಣ್ಣುಮಕ್ಕಳು ಅಲ್ಲಿ ದುಡಿದು ಉಂಡರು. ಯೋಗಕ್ಷೇಮವೆಂಬ ಹಳೆಯ ಸಮಾಸದಲ್ಲಿ ಯೋಗವೆಂದರೆ ಇಲ್ಲದ್ದನ್ನು ಪಡೆಯುವುದು, ಕ್ಷೇಮವೆಂದರೆ ಇದ್ದುದನ್ನು ಕಾಯುವುದು. ಪುರಾಣ ಹೇಳುತ್ತ ಬೆಳೆದ ಈ ಶಾಸ್ತ್ರಿಗಳ ಮಗಳಿಗೆ ಆ ಪದ ಎಳವೆಯಿಂದಲೂ ಗೊತ್ತಿದ್ದೀತು. ಅದಕ್ಕೆ ನೇಗಿಲನ್ನೂ ನೂಲನ್ನೂ ಕೂಡಿಸಿದ್ದು ಕೇಡಗಾಂವಿಯಲ್ಲಿ.

ಹಣ ಬಂದದ್ದು ದೂರದ ದಾನಿಗಳಿಂದ, ಆಕಾಶದಿಂದೇನೂ ಅಲ್ಲವೆಂದು ಸಂದೇಹವಾದಿ ನಗಬಹುದು. ನಗಲಿ. ದಾನಿಯ ಮನಸ್ಸನ್ನು ತೆರೆಯುವವನೂ ದೇವರೇ ಎಂಬುದು ಭಕ್ತರ ಉತ್ತರ. ನನ್ನನ್ನು ಕಾಡುವ ಪ್ರಶ್ನೆ ಬೇರೆ: ಕ್ಷಾಮದಲ್ಲಿ ಅಳಿದ ಆ ಮೂವರ ಪಾಲಿನ ಅನ್ನವೆಲ್ಲಿ ಹೋಯಿತು? ಇದಕ್ಕೆ ಉತ್ತರ ನನ್ನ ಬಳಿ ಇಲ್ಲ. ಅವರನ್ನು ಕಣ್ಣಾರೆ ಕಳೆದುಕೊಂಡಾಕೆಯೇ 1907ರಲ್ಲಿ, ತನ್ನ ಭಂಡಾರ ಬರಿದಾಗದು ಎಂಬರ್ಥದ ಹೆಸರಿಟ್ಟು ಇಂಗ್ಲಿಷಿನಲ್ಲಿ ಆತ್ಮಸಾಕ್ಷ್ಯ ಬರೆದರು. ಹಸಿವನ್ನು ಅರಿಯದವರು ಆ ಮಾತನ್ನು ಹೇಳಿದ್ದರೆ ನಾನು ಪುಸ್ತಕ ಮುಚ್ಚಿಬಿಡುತ್ತಿದ್ದೆನೇನೋ.

ಕೊನೆಯ ವರ್ಷಗಳಲ್ಲಿ ಅವರು ಬೈಬಲನ್ನು ಸಾಮಾನ್ಯ ಹೆಂಗಸರಿಗೆ ತಿಳಿಯುವ ಮರಾಠಿಗೆ ತಂದರು. 1922ರ ಏಪ್ರಿಲ್ 5ರಂದು ತೀರಿಕೊಳ್ಳುವ ಮುನ್ನ ಆ ಕೆಲಸ ಮುಗಿದಿತ್ತು. ಅದು ಅಚ್ಚಾದದ್ದು ಮುಕ್ತಿಯ ಅಚ್ಚುಕೂಟದಲ್ಲಿಯೇ, ಅಲ್ಲಿಯ ಹೆಣ್ಣುಮಕ್ಕಳ ಕೈಯಿಂದ.