ಗೊಂಬೆ ಮೆಟ್ಟಿಲಿನಿಂದ ಚಿತ್ರದ ಚೌಕಟ್ಟಿನವರೆಗೆ: ಸ್ಲೈಡಿಂಗ್ ಮೈಟರ್ ಗರಗಸದ ಆಯ್ಕೆ

ನವರಾತ್ರಿಯ ಗೊಂಬೆಗಳಿಗೆ ಐದೋ ಏಳೋ ಒಂಬತ್ತೋ ಮೆಟ್ಟಿಲು, ಮೈಸೂರು ಶೈಲಿಯ ಚಿತ್ರಕ್ಕೆ ತೇಗದ ಚೌಕಟ್ಟು, ಊರಿನಿಂದ ತಂದ ಪುಸ್ತಕಗಳಿಗೆ ಒಂದು ಕಪಾಟು: ದೆಹಲಿಯ ಕನ್ನಡ ಗೃಹಸ್ಥರು ಬಡಗಿಯನ್ನು ಅರಸುವುದು ಬಹುಮಟ್ಟಿಗೆ ಇಂತಹ ಕೆಲಸಗಳಿಗಾಗಿ. (ನಮ್ಮ ‘ಬಡಗಿ’ಯೂ ಇಲ್ಲಿನವರ ‘ಬಢಈ’ಯೂ ಸಂಸ್ಕೃತದ ‘ವರ್ಧಕಿ’ ಎಂಬ ಒಂದೇ ಬೇರಿನಿಂದ ಬಂದವು.) ನಿವೃತ್ತಿಯ ಅಂಚಿನಲ್ಲಿರುವ ನಮ್ಮಲ್ಲಿ ಕೆಲವರು ಈಗ ಈ ಕೆಲಸಗಳನ್ನು ಸ್ವತಃ ಮಾಡಿಕೊಳ್ಳುವ ಉತ್ಸಾಹ ತೋರುತ್ತಿದ್ದಾರೆ. ಅವರು ಮೊದಲು ವಿಚಾರಿಸುವ ಯಂತ್ರ ಸ್ಲೈಡಿಂಗ್ ಮೈಟರ್ ಗರಗಸ.

ಮೇಲಿನಿಂದ ಇಳಿದು ಮರವನ್ನು ಅಡ್ಡಲಾಗಿ ಕತ್ತರಿಸುವ ವಿದ್ಯುತ್ ಗರಗಸವಿದು. ಕೆಳಗಿನ ತಟ್ಟೆಯನ್ನು ತಿರುಗಿಸಿದರೆ ಮರದ ಅಗಲದಲ್ಲಿ ಓರೆ ಕತ್ತರಿಕೆ. ತಲೆಯನ್ನು ವಾಲಿಸಿದರೆ ದಪ್ಪದಲ್ಲಿ ಓರೆ. ತಲೆಯು ಕಂಬಿಗಳ ಮೇಲೆ ಹಿಂದಕ್ಕೂ ಮುಂದಕ್ಕೂ ಜಾರುವಂತಿದ್ದರೆ ಅದು ಸ್ಲೈಡಿಂಗ್ ಜಾತಿಯದು. ಆದರೆ ಹಲಗೆಯನ್ನು ಉದ್ದಕ್ಕೆ ಸೀಳುವುದು ಇದರ ಕೆಲಸವಲ್ಲ. ಎಂಟಡಿ-ನಾಲ್ಕಡಿಯ ಪ್ಲೈವುಡ್ ಹಾಳೆಯನ್ನು ಕೀರ್ತಿ ನಗರದ ಮರದ ಅಂಗಡಿಯಲ್ಲಿಯೇ ಬೇಕಾದ ಅಗಲಕ್ಕೆ ಸೀಳಿಸಿ ತರುವುದು ಲೇಸು. ವರ್ಷಕ್ಕೊಮ್ಮೆ ಗೊಂಬೆ ಮೆಟ್ಟಿಲನ್ನು ಮಾತ್ರ ಕಟ್ಟುವವರು ಉದ್ದವನ್ನೂ ಅಲ್ಲಿಯೇ ಕತ್ತರಿಸಿಕೊಳ್ಳಬಹುದು; ಅವರಿಗೆ ಈ ಯಂತ್ರದ ಅಗತ್ಯವೇ ಇಲ್ಲ.

ಅಗತ್ಯವುಳ್ಳವರು ಬ್ಲೇಡಿನ ವ್ಯಾಸಕ್ಕೆ ಮರುಳಾಗಬಾರದು. ಜಾರದ ಹತ್ತಂಗುಲದ ಗರಗಸವು ಸುಮಾರು 130ರಿಂದ 145 ಮಿ.ಮೀ. ಅಗಲದ ಹಲಗೆಯನ್ನು ಮಾತ್ರ ಒಂದೇ ಬಾರಿಗೆ ಕತ್ತರಿಸುತ್ತದೆ. ಅದಕ್ಕಿಂತ ಚಿಕ್ಕದಾದ 216 ಮಿ.ಮೀ. ಬ್ಲೇಡಿನ ಸ್ಲೈಡಿಂಗ್ ಗರಗಸ 300 ಮಿ.ಮೀ. ಆಸುಪಾಸಿನ ಅಗಲವನ್ನು ನಿಭಾಯಿಸುತ್ತದೆ. ಕಪಾಟಿನ ಹಲಗೆಗೂ ಗೊಂಬೆಯ ಮೆಟ್ಟಿಲಿಗೂ ಬೇಕಾದದ್ದು ಇಷ್ಟೇ. ಆದರೆ 45 ಡಿಗ್ರಿ ಓರೆಯಲ್ಲಿ ಈ ಅಗಲ 210 ಮಿ.ಮೀ.ಗೆ ಇಳಿಯುತ್ತದೆ ಎಂಬುದು ನೆನಪಿರಲಿ. ಹನ್ನೆರಡಂಗುಲದ ದೊಡ್ಡ ಗರಗಸ ದಪ್ಪ ತೊಲೆಗಳಿಗೆ ಸರಿ. ಬೀಡಿಂಗ್ ಪಟ್ಟಿಗೆ ಅದು ಅನಾವಶ್ಯಕ ಭಾರ. ಎರಡೂ ಬದಿಗೆ ತಲೆ ವಾಲುವ ಮಾದರಿಗೆ ಹೆಚ್ಚು ಹಣ ತೆರುವುದೂ ನನ್ನ ಅಭಿಪ್ರಾಯದಲ್ಲಿ ವ್ಯರ್ಥ. ಅದರ ಸೌಕರ್ಯ ಮುಖ್ಯವಾಗಿ ಅಮೆರಿಕದ ಮನೆಗಳಂತೆ ಚಾವಣಿಯ ಅಂಚಿಗೆ ಮರದ ಪಟ್ಟಿ ಕೂರಿಸುವವರಿಗೆ.

ಹಣ ತೆರಬೇಕಾದದ್ದು ನಿಖರತೆಗೆ. ನಾಲ್ಕು ಮೂಲೆಯ ಚೌಕಟ್ಟಿಗೆ ಎಂಟು ಓರೆ ಕತ್ತರಿಕೆಗಳು. ಪ್ರತಿಯೊಂದರಲ್ಲಿಯೂ ಅರ್ಧ ಡಿಗ್ರಿ ಕಡಿಮೆಯಾದರೆ, ಮೂರು ಮೂಲೆಗಳನ್ನು ಬಿಗಿಯಾಗಿ ಕೂಡಿಸಿದಾಗ ನಾಲ್ಕನೆಯದು ನಾಲ್ಕು ಡಿಗ್ರಿ ಬಾಯಿ ತೆರೆಯುತ್ತದೆ. ಬ್ಯಾಂಕಿನ ಭಾಷೆಯಲ್ಲಿ ಇದು ಸರಳ ಬಡ್ಡಿಯೇ ಹೊರತು ಚಕ್ರಬಡ್ಡಿಯಲ್ಲ. ಆದರೂ 75 ಮಿ.ಮೀ. ಅಗಲದ ಪಟ್ಟಿಯ ಒಂದು ಮೂಲೆಯಲ್ಲಿ ಒಂದು ಡಿಗ್ರಿ ತಪ್ಪಿದರೆ ಸುಮಾರು 1.8 ಮಿ.ಮೀ. ಬಿರುಕು ಕಾಣುತ್ತದೆ.

ಆದುದರಿಂದ ಅಂಗಡಿಯಲ್ಲಿಯೇ ಪರೀಕ್ಷಿಸಬೇಕು. ಲೋಧಿ ಕಾಲೋನಿಯವರಿಗೆ ಜೋರ್‌ಬಾಗ್‌ನಿಂದ ಹಳದಿ ಮಾರ್ಗದ ಮೆಟ್ರೋ ನೇರವಾಗಿ ಚಾವಡಿ ಬಜಾರಿನ ಹಾರ್ಡ್‌ವೇರ್ ಬೀದಿಗೆ ಒಯ್ಯುತ್ತದೆ. ಅಂತರ್ಜಾಲದಲ್ಲಿ ಬೆಲೆ ಕಡಿಮೆಯಿರಬಹುದು, ಆದರೆ ಕೈಯಿಂದ ಅಲುಗಾಡಿಸಿ ನೋಡುವ ಅವಕಾಶ ಅಲ್ಲಿಲ್ಲ. ಪ್ಲಗ್ ಹಾಕುವ ಮುನ್ನ ತಲೆಯನ್ನು ಪೂರ್ತಿ ಮುಂದಕ್ಕೆ ಎಳೆದು ಎಡಬಲಕ್ಕೆ ಒತ್ತಿರಿ. ಸಡಿಲವಿದ್ದರೆ ಆ ಯಂತ್ರ ಬೇಡ. ಬಳಿಕ ಅಂಚುಗಳು ಸಮಾನಾಂತರವಾಗಿರುವ ಒಂದು ಅಗಲ ಹಲಗೆಯನ್ನು 90 ಡಿಗ್ರಿಯಲ್ಲಿ ಕತ್ತರಿಸಿ, ಒಂದು ತುಂಡನ್ನು ಮಗುಚಿ, ಎರಡನ್ನೂ ನೇರ ಅಂಚಿಗೆ ಒತ್ತಿ ಮತ್ತೆ ಕೂಡಿಸಲು ಹೇಳಿರಿ. ಕಾಣುವ ಸಂದು ನಿಜವಾದ ತಪ್ಪಿನ ಎರಡರಷ್ಟಿರುವುದರಿಂದ ಕಣ್ಣಿಗೆ ತಪ್ಪಿಸಿಕೊಳ್ಳದು. 45 ಡಿಗ್ರಿಯ ಎರಡು ತುಂಡುಗಳನ್ನು ಕೂಡಿಸಿ ಮೂಲೆಮಟ್ಟ ಹಿಡಿದು ನೋಡಿರಿ. ಇಲ್ಲಿ ಅದನ್ನು ‘ಗುನಿಯಾ’ ಎಂದು ಕೇಳಬೇಕು. ಲೇಸರ್ ಗೆರೆ ಆಕರ್ಷಕವಾದರೂ ಸ್ಥಾನ ತಪ್ಪಬಲ್ಲದು. ಬ್ಲೇಡಿನ ನೆರಳನ್ನೇ ಮರದ ಮೇಲೆ ಬೀಳಿಸುವ ದೀಪ ಹೆಚ್ಚು ನಂಬಿಗಸ್ತ.

ವಿದ್ಯುತ್ತಿನ ವಿಚಾರವನ್ನು ಹಲವರು ಮರೆಯುತ್ತಾರೆ. 1800 ವ್ಯಾಟಿನ ಮೋಟಾರು 230 ವೋಲ್ಟಿನಲ್ಲಿ ಸುಮಾರು 8 ಆಂಪಿಯರ್ ಎಳೆಯುತ್ತದೆ. 1940ರ ದಶಕದಲ್ಲಿ ಕಟ್ಟಿದ ನಮ್ಮ ಕಾಲೋನಿಯ ಮನೆಗಳಲ್ಲಿ ಫ್ಯಾನು-ದೀಪಗಳ ಚಿಕ್ಕ ಸಾಕೆಟ್ಟಿಗೆ ಇದನ್ನು ಜೋಡಿಸಬಾರದು. ಗೀಸರಿಗೆ ಬಳಸುವ 16 ಆಂಪಿಯರ್ ಸಾಕೆಟ್ಟು ಬೇಕು. ಅಮೆರಿಕದಲ್ಲಿರುವ ಮಕ್ಕಳು ತಂದುಕೊಡುವ ಗರಗಸ 120 ವೋಲ್ಟಿನದು. ಅದನ್ನು ನೇರವಾಗಿ ಇಲ್ಲಿ ಹಚ್ಚಿದರೆ ಮೋಟಾರು ಸುಟ್ಟುಹೋಗುತ್ತದೆ. ಬ್ಲೇಡಿನ ನಡುತೂತು ಕೂಡ ಬೇರೆ: ಅಲ್ಲಿನ ಹತ್ತಂಗುಲದ್ದಕ್ಕೆ ಸುಮಾರು 16 ಮಿ.ಮೀ., ಇಲ್ಲಿ ದೊರೆಯುವವಕ್ಕೆ ಸಾಮಾನ್ಯವಾಗಿ 25.4 ಅಥವಾ 30 ಮಿ.ಮೀ.

ಸ್ಥಳವನ್ನೂ ಅಳೆಯಿರಿ. ಕಂಬಿಗಳು ಹಿಂದಕ್ಕೆ ಚಾಚುವುದರಿಂದ ಯಂತ್ರವನ್ನು ಗೋಡೆಗೆ ಒತ್ತಿ ಇಡಲಾಗದು. ನಮ್ಮವರಿಗೆ ಮೈಕೋ ಎಂಬ ಹೆಸರಿನಿಂದ ಪರಿಚಿತವಾಗಿದ್ದ ಬಾಷ್ ಕಂಪನಿಯು ಕೀಲುತೋಳಿನ ಮಾದರಿಯೊಂದನ್ನು ತಯಾರಿಸಿತು. ಅದಕ್ಕೆ ಹಿಂದೆ ಹೆಚ್ಚು ಜಾಗ ಬೇಡ, ಆದರೆ ಅದು ದೊಡ್ಡದು, ದುಬಾರಿ. ವರ್ಗಾವಣೆಯ ನೌಕರರಿಗೆ 17 ಕಿಲೋ ಆಸುಪಾಸಿನ ಚಿಕ್ಕ ಯಂತ್ರವೇ ವಾಸಿ. ಸರ್ಕಾರಿ ವಸತಿಯ ಗೋಡೆಗೆ ಪಟ್ಟಿ ಹೊಡೆಯಲು ಅನುಮತಿ ಬೇಕೆಂಬುದನ್ನು ಇಲ್ಲಿನವರಿಗೆ ಹೇಳಬೇಕಾಗಿಲ್ಲ. ಸ್ವಂತ ಮನೆಯವರು ಮೂಲೆಯ ಕೋನವನ್ನು ಮೊದಲು ಅಳೆಯಲಿ: ಗೋಡೆ 92 ಡಿಗ್ರಿಯಲ್ಲಿ ಕೂಡಿದ್ದರೆ ಗರಗಸದ ಓರೆ 44.

ಮರದ ಗುಣವೂ ಲೆಕ್ಕಕ್ಕೆ ಬರುತ್ತದೆ. ತೇಗದಲ್ಲಿ ಸಿಲಿಕಾ ಇರುವುದರಿಂದ ಹಲ್ಲು ಬೇಗ ಮೊಂಡಾಗುತ್ತದೆ. ನಮ್ಮ ಬೀಟೆಯ ಬಂಧುವಾದ ಇಲ್ಲಿನ ಶೀಶಮ್ ಗಟ್ಟಿಮರ. ಕಾರ್ಬೈಡ್ ತುದಿಯ, 60ರಿಂದ 80 ಹಲ್ಲಿನ ಬ್ಲೇಡನ್ನು ಪ್ರತ್ಯೇಕವಾಗಿ ಕೊಳ್ಳುವುದು ಉತ್ತಮ. ಯಂತ್ರದೊಡನೆ ಬರುವುದು ಸಾಮಾನ್ಯವಾಗಿ ಒರಟು ಕೆಲಸಕ್ಕೆ. ಜೂನಿನ ಒಣಹವೆಯಲ್ಲಿ ಪಟ್ಟಿಯ ಅಗಲ ಕುಗ್ಗಿದಾಗ ಓರೆ ಕೂಡಿಕೆ ಒಳಮೂಲೆಯಲ್ಲಿಯೂ, ಆಗಸ್ಟಿನ ತೇವದಲ್ಲಿ ಉಬ್ಬಿದಾಗ ಹೊರಮೂಲೆಯಲ್ಲಿಯೂ ಬಿರಿಯುತ್ತದೆ. ಇದು ಗರಗಸದ ದೋಷವಲ್ಲ. ಮರವನ್ನು ತಂದು ಎರಡು ಮೂರು ವಾರ ಮನೆಯಲ್ಲಿಯೇ ಇರಿಸಿ ಬಳಿಕ ಕತ್ತರಿಸಿದರೆ ಬಿರುಕು ಕಡಿಮೆಯಾಗುತ್ತದೆ.

ಬೆರಳುಗಳ ಮಾತು ಉಳಿಯಿತು. ಅಗಲ ಹಲಗೆಯನ್ನು ಕತ್ತರಿಸುವಾಗ ತಲೆಯನ್ನು ಮೊದಲು ತಮ್ಮೆಡೆಗೆ ಎಳೆದು, ಬ್ಲೇಡು ಪೂರ್ಣ ವೇಗಕ್ಕೆ ಬಂದ ಮೇಲೆ ಕೆಳಗಿಳಿಸಿ, ಹಿಂದಕ್ಕೆ ತಳ್ಳುತ್ತ ಕತ್ತರಿಸಬೇಕು. ತಮ್ಮೆಡೆಗೆ ಎಳೆಯುತ್ತ ಕತ್ತರಿಸಿದರೆ ಬ್ಲೇಡು ಮರವನ್ನು ಏರಿ ಮುನ್ನುಗ್ಗುವ ಅಪಾಯವಿದೆ. ತುಂಡನ್ನು ಕ್ಲ್ಯಾಂಪಿನಿಂದ ಬಿಗಿಯಬೇಕು. ಗೇಣುದ್ದಕ್ಕಿಂತ ಚಿಕ್ಕದನ್ನು ಕೈಯಲ್ಲಿ ಹಿಡಿಯಲೇಬಾರದು. ಬ್ಲೇಡು ಪೂರ್ತಿ ನಿಂತ ಬಳಿಕವಷ್ಟೇ ತಲೆಯನ್ನು ಎತ್ತಬೇಕು. ಮರದ ಧೂಳನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 1995ರಲ್ಲಿಯೇ ಕ್ಯಾನ್ಸರ್‌ಕಾರಕವೆಂದು ವರ್ಗೀಕರಿಸಿದೆ. ನವೆಂಬರಿನ ಹೊಗೆಮಂಜಿಗೆಂದು ಕೊಂಡ ಎನ್-95 ಮುಸುಕನ್ನು ಇಲ್ಲಿಯೂ ಧರಿಸಬೇಕು. ಕಿವಿಗೆ ರಕ್ಷಣೆ ಬೇಕು. ಶಬ್ದ ಮಿತಿಮೀರಿದ್ದು, ಮಧ್ಯಾಹ್ನ ಮಲಗುವ ಮೇಲ್ಮನೆಯವರಿಗೆ ಮುಂಚಿತವಾಗಿ ತಿಳಿಸಿ, ಒಂದು ವಾರದ ಕತ್ತರಿಕೆಗಳನ್ನೆಲ್ಲ ಭಾನುವಾರ ಬೆಳಗಿನ ಒಂದು ಗಂಟೆಯಲ್ಲಿ ಮುಗಿಸಿಕೊಳ್ಳಬಹುದು.