ವರ್ಷಾಂತ್ಯದ ಕೂಟದ ‘ವಿಸ್ಕಿ ಸವರ್’: ಅಳತೆ, ಕಾನೂನು ಮತ್ತು ಲೆಕ್ಕಪತ್ರ

ದೀಪಾವಳಿಯ ಲಕ್ಷ್ಮೀಪೂಜೆಗೆ ಅಂಗಡಿಗೆ ಬಂದವರನ್ನು ಫಳಾರ, ಎಲೆ-ಅಡಿಕೆ ನೀಡಿ ಸತ್ಕರಿಸುವುದು ಉತ್ತರ ಕರ್ನಾಟಕದ ವರ್ತಕರ ಹಳೆಯ ಪದ್ಧತಿ. ಡಿಸೆಂಬರ್ 31ರ ರಾತ್ರಿ ಆಪ್ತ ಗಿರಾಕಿಗಳಿಗೆ ಕೂಟ ಏರ್ಪಡಿಸುವುದು ಈಚಿನ ರೂಢಿ. ಪೂಜೆಯ ಖರ್ಚನ್ನು ಬರೆಯುವ ಕ್ರಮ ಎಲ್ಲರಿಗೂ ತಿಳಿದದ್ದೇ. ಎರಡನೆಯ ಕೂಟದಲ್ಲಿ ಮಾತ್ರ ತಪ್ಪುಗಳಾಗುವ ಸಂಭವ ಹೆಚ್ಚು. ಅವು ಲೆಕ್ಕಪತ್ರಕ್ಕಷ್ಟೇ ಸೀಮಿತವಾಗದೆ ಅಬಕಾರಿ ಮೊಕದ್ದಮೆಯವರೆಗೂ ಹೋಗಬಹುದು.

ಉದಾಹರಣೆಗೆ, ರೋಣ ಭಾಗದ ಮಲಪ್ರಭಾ ದಂಡೆಯ ಹೊಳೆಮಣ್ಣೂರಿನಲ್ಲಿ ಕಡಲೆ, ಹೆಸರು ವ್ಯಾಪಾರ ಮಾಡುವ ವರ್ತಕರೊಬ್ಬರು 40 ಜನರನ್ನು ಆಹ್ವಾನಿಸಿ, ತಲಾ ಒಂದು ಲೋಟ ‘ವಿಸ್ಕಿ ಸವರ್’ ನೀಡಲು ನಿಶ್ಚಯಿಸಿದ್ದಾರೆಂದು ಭಾವಿಸಬಹುದು.

ಮಿಶ್ರಣದ ಕ್ರಮ

‘ಸವರ್’ ಎಂದರೆ ಹುಳಿ. ವಿಸ್ಕಿ, ಲಿಂಬೆರಸ ಮತ್ತು ಸಕ್ಕರೆ ಪಾಕ ಇದರ ಮೂರು ಮೂಲ ಪದಾರ್ಥಗಳು. ಒಂದು ಲೋಟಕ್ಕೆ ವಿಸ್ಕಿ 45 ಮಿ.ಲೀ., ಲಿಂಬೆರಸ 25 ಮಿ.ಲೀ., ಪಾಕ 20 ಮಿ.ಲೀ. ಸಾಕು. ಇವನ್ನು ಮಂಜುಗಡ್ಡೆಯ ತುಂಡುಗಳೊಡನೆ ಮುಚ್ಚಳವಿರುವ ಪಾತ್ರೆಯಲ್ಲಿ ಹಾಕಿ, ಸುಮಾರು 15 ಸೆಕೆಂಡು ಬಲವಾಗಿ ಕುಲುಕಿ, ಸೋಸಿ ಲೋಟಕ್ಕೆ ಸುರಿಯಬೇಕು. ಕುಲುಕುವಾಗ ಕರಗುವ ಮಂಜು ಪಾನೀಯವನ್ನು ತಂಪು ಮಾಡುವುದಲ್ಲದೆ ಮದ್ಯದ ತೀಕ್ಷ್ಣತೆಯನ್ನೂ ತಗ್ಗಿಸುತ್ತದೆ.

ಮೇಲೆ ನೊರೆ ಬರಲು ಮೊಟ್ಟೆಯ ಬಿಳಿಭಾಗ ಸೇರಿಸುವ ವಾಡಿಕೆಯುಂಟು. ಸಸ್ಯಾಹಾರಿಗಳು ಅದನ್ನು ಬಿಡಬಹುದು, ಇಲ್ಲವೆ ಕಾಬೂಲಿ ಕಡಲೆ ಬೇಯಿಸಿ ಆರಿಸಿದ ನೀರನ್ನು ಒಂದು ಚಮಚ ಬಳಸಬಹುದು. ಪಾಕಕ್ಕೆ ಏಲಕ್ಕಿ ಹಾಕಿದರೆ ಹಬ್ಬದ ಪರಿಮಳ ಬರುತ್ತದೆ. ಲಿಂಬೆಗಾಗಿ ದೂರ ಹುಡುಕಬೇಕಿಲ್ಲ. ವಿಜಯಪುರ ಜಿಲ್ಲೆಯ ಇಂಡಿ ಲಿಂಬೆ 2023ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದಿದೆ.

ಪ್ರಮಾಣ ಮತ್ತು ಮಿತಿ

ನಲವತ್ತು ಲೋಟಗಳಿಗೆ ಲಿಂಬೆರಸ 1 ಲೀಟರ್, ಪಾಕ 800 ಮಿ.ಲೀ. ಬೇಕು. ಅರ್ಧ ಕಿಲೋ ಸಕ್ಕರೆಯನ್ನು ಅರ್ಧ ಲೀಟರ್ ನೀರಿನಲ್ಲಿ ಕರಗಿಸಿದರೆ ಅಷ್ಟು ಪಾಕ ದೊರೆಯುತ್ತದೆ. ವಿಸ್ಕಿ ಬೇಕಾಗುವುದು 1,800 ಮಿ.ಲೀ., ಅಂದರೆ 750 ಮಿ.ಲೀ.ಯ ಮೂರು ಬಾಟಲಿ.

ಇಲ್ಲಿಯೇ ಎಚ್ಚರ ಅಗತ್ಯ. ಕರ್ನಾಟಕದಲ್ಲಿ ಪರವಾನಗಿಯಿಲ್ಲದೆ ಒಬ್ಬ ವ್ಯಕ್ತಿ ಇಟ್ಟುಕೊಳ್ಳಬಹುದಾದ ಭಾರತೀಯ ಮದ್ಯದ ಮಿತಿ 2.3 ಲೀಟರ್. ಮೂರು ಬಾಟಲಿಗಳೆಂದರೆ 2.25 ಲೀಟರ್, ನಾಲ್ಕನೆಯದು ಮಿತಿಯನ್ನು ಮೀರುತ್ತದೆ. ಅಗ್ಗವೆಂದು 12 ಬಾಟಲಿಯ ಪೆಟ್ಟಿಗೆಯನ್ನೇ ತಂದರೆ 9 ಲೀಟರ್ ಆಗುತ್ತದೆ. ಮಾರಾಟದ ಉದ್ದೇಶವಿಲ್ಲದಿದ್ದರೂ ಇದು ಕರ್ನಾಟಕ ಅಬಕಾರಿ ಕಾಯ್ದೆ, 1965ರ ಅನ್ವಯ ಅಪರಾಧ. ಹೆಚ್ಚಿನ ಪ್ರಮಾಣದ ಕೂಟಕ್ಕೆ ಅಬಕಾರಿ ಇಲಾಖೆಯಿಂದ ಸಿ.ಎಲ್.-5 ಎಂಬ ಸಾಂದರ್ಭಿಕ ಪರವಾನಗಿಯನ್ನು ಮುಂಚಿತವಾಗಿ ಪಡೆಯತಕ್ಕದ್ದು.

ಸ್ಥಳದ ಆಯ್ಕೆಯೂ ಮುಖ್ಯ. ಸಾರ್ವಜನಿಕ ಸ್ಥಳದಲ್ಲಿ ಮದ್ಯಪಾನವನ್ನು ಇದೇ ಕಾಯ್ದೆಯ 15-ಎ ಕಲಮು ನಿಷೇಧಿಸುತ್ತದೆ. ಆದ್ದರಿಂದ ಜನ ಬಂದುಹೋಗುವ ಅಂಗಡಿಯ ಮುಂಗಟ್ಟು, ಹೊಳೆಯ ದಂಡೆ ಸಲ್ಲವು. ಸ್ವಂತ ಮನೆಯೇ ಕ್ಷೇಮ.

ತೆರಿಗೆಯ ವಿಚಾರ

ಒಂದೇ ಲೋಟದಲ್ಲಿ ಮೂರು ಬಗೆಯ ತೆರಿಗೆಯುಂಟು. ಮಾನವ ಸೇವನೆಯ ಮದ್ಯವು ಸಂವಿಧಾನದ 366(12ಎ) ವಿಧಿಯಂತೆ ಜಿ.ಎಸ್.ಟಿ.ಯ ಹೊರಗಿದೆ, ಅದರ ಮೇಲಿನ ಸುಂಕ ರಾಜ್ಯ ಸರ್ಕಾರದ್ದು. ತಾಜಾ ಲಿಂಬೆಗೆ ಜಿ.ಎಸ್.ಟಿ. ಇಲ್ಲ. ಸಕ್ಕರೆಗೆ ಶೇ. 5ರಷ್ಟಿದೆ.

ಸಕ್ಕರೆಯ ಬಿಲ್ಲಿನಲ್ಲಿ ತೆತ್ತ ತೆರಿಗೆಯನ್ನು ಹೂಡುವಳಿ ತೆರಿಗೆ ಜಮೆಯಾಗಿ ಪಡೆಯಬಹುದೆಂದು ಕೆಲವರು ಭಾವಿಸುವುದುಂಟು. ಅದು ತಪ್ಪು. ಕೇಂದ್ರ ಜಿ.ಎಸ್.ಟಿ. ಕಾಯ್ದೆಯ 17(5)ನೆಯ ಕಲಮಿನಂತೆ ಆಹಾರ-ಪಾನೀಯಗಳಿಗೂ ಅಡುಗೆ ಗುತ್ತಿಗೆಗೂ ತೆತ್ತ ತೆರಿಗೆಯ ಜಮೆ ಸಾಮಾನ್ಯವಾಗಿ ದೊರೆಯದು. ಅದೇ ಬಗೆಯ ಪೂರೈಕೆಯ ವ್ಯವಹಾರ ಮಾಡುವವರಿಗೆ ವಿನಾಯಿತಿಯುಂಟು. ಕಾಳಿನ ವರ್ತಕರು ಆ ವರ್ಗಕ್ಕೆ ಸೇರುವುದಿಲ್ಲ. ತಪ್ಪಾಗಿ ಪಡೆದು ಬಳಸಿದ ಜಮೆಯನ್ನು ಬಡ್ಡಿಸಹಿತ ಮರಳಿಸಬೇಕಾಗುತ್ತದೆ.

ಆದಾಯ ತೆರಿಗೆಯಲ್ಲಿ ಸಂಪೂರ್ಣವಾಗಿ ವ್ಯವಹಾರಕ್ಕಾಗಿಯೇ ಮಾಡಿದ ವೆಚ್ಚವನ್ನು ಮಾತ್ರ ಲಾಭದಿಂದ ಕಳೆಯಬಹುದು. ಬಂಧುಗಳೂ ಗಿರಾಕಿಗಳೂ ಬೆರೆತ ಕೂಟದ ಖರ್ಚನ್ನು ಪೂರ್ತಿಯಾಗಿ ವ್ಯಾಪಾರ ವೃದ್ಧಿಯ ಖಾತೆಗೆ ಬರೆದರೆ, ಅಧಿಕಾರಿಯು ಪ್ರಶ್ನಿಸಿದಾಗ ಸಮರ್ಥನೆ ಕಷ್ಟ. ಆಹ್ವಾನಿತರ ಪಟ್ಟಿ, ಬಿಲ್ಲುಗಳನ್ನು ಕಾದಿರಿಸಿ, ಮನೆಯವರ ಪಾಲನ್ನು ಮಾಲೀಕರ ಸ್ವಂತ ಖಾತೆಗೆ ಹಾಕುವುದು ಉಚಿತ. ಒಬ್ಬರಿಗೆ ಒಂದೇ ದಿನ 10,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟರೆ ಆ ವೆಚ್ಚಕ್ಕೆ ಮಾನ್ಯತೆ ಸಿಗುವುದಿಲ್ಲವೆಂಬುದನ್ನೂ ನೆನಪಿಡತಕ್ಕದ್ದು.

ಕೊನೆಯ ಲೋಟ

ಊರಿಗೆ ಮರಳಲು ವಾಹನ ನಡೆಸುವವರಿಗೆ ಈ ಲೋಟ ಬೇಡ. ಮೋಟಾರು ವಾಹನ ಕಾಯ್ದೆಯ 185ನೆಯ ಕಲಮಿನಂತೆ 100 ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂ.ಗಿಂತ ಹೆಚ್ಚು ಮದ್ಯಸಾರವಿದ್ದರೆ ಮೊದಲ ಅಪರಾಧಕ್ಕೇ ಆರು ತಿಂಗಳವರೆಗೆ ಸೆರೆವಾಸ, 10,000 ರೂಪಾಯಿ ದಂಡ ಅಥವಾ ಎರಡೂ ಉಂಟು. ಅವರಿಗೂ ಮದ್ಯ ಮುಟ್ಟದವರಿಗೂ ಅದೇ ಲಿಂಬೆ, ಅದೇ ಏಲಕ್ಕಿಗೆ ಬೆಲ್ಲ, ಶುಂಠಿ ಸೇರಿಸಿದ ಪಾನಕವನ್ನು ಅಷ್ಟೇ ಅಚ್ಚುಕಟ್ಟಾಗಿ ನೀಡಬಹುದು. ಅದಕ್ಕೆ ಅಬಕಾರಿ ಮಿತಿಯಿಲ್ಲ, ಪರವಾನಗಿಯೂ ಬೇಡ; ಎಷ್ಟು ಜನ ಬಂದರೂ ಯಜಮಾನರು ನಿಶ್ಚಿಂತೆಯಿಂದ ಬಡಿಸಬಹುದು.